ಮೂರೇ ಅಂಕಗಳ ಅಂತರ: 2020ರ ಫಾರ್ಮುಲಾ 3 ಋತುವಿನ ಕಥೆ

[ದೃಶ್ಯ: ಮುಜೆಲ್ಲೊ ಟ್ರ್ಯಾಕ್‌ನ ನಕ್ಷೆ. ಗ್ರಿಡ್‌ನ 11ನೆಯ ಜಾಗ ಕೆಂಪಾಗಿ ಮಿನುಗುತ್ತದೆ.]

2020ರ ಸೆಪ್ಟೆಂಬರ್ 13, ಇಟಲಿಯ ಮುಜೆಲ್ಲೊ. ಫಾರ್ಮುಲಾ 1ರ ಕನಸು ಕಾಣುವ ಕಿರಿಯ ಚಾಲಕರ ಸರಣಿಯಾದ ಫಾರ್ಮುಲಾ 3ರ ಈ ಋತುವಿನ 18 ರೇಸ್‌ಗಳಲ್ಲಿ 17 ಮುಗಿದಿವೆ. ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ ಅವರದು 160 ಅಂಕ, ಅಮೆರಿಕದ ಲೋಗನ್ ಸಾರ್ಜೆಂಟ್ ಅವರದೂ 160. ಇಬ್ಬರೂ ಪ್ರೇಮಾ ತಂಡದವರೇ. ಒಂಬತ್ತು ಅಂಕ ಹಿಂದೆ, ಎಆರ್‌ಟಿ ತಂಡದಲ್ಲಿ, ಫ್ರಾನ್ಸ್‌ನ 17 ವರ್ಷದ ಥಿಯೋ ಪೂರ್ಶೇರ್. ಕೊನೆಯ ರೇಸ್‌ಗೆ ಗ್ರಿಡ್‌ನಲ್ಲಿ, ಅಂದರೆ ಕಾರುಗಳು ಹೊರಡುವ ಸಾಲಿನಲ್ಲಿ, ಸಾರ್ಜೆಂಟ್ ಐದನೆಯ ಜಾಗದಲ್ಲಿ ನಿಂತಿದ್ದಾರೆ, ಪಿಯಾಸ್ಟ್ರಿ ಹನ್ನೊಂದನೆಯ ಜಾಗದಲ್ಲಿ.

ಈ ಹನ್ನೊಂದು ಎಂಬ ಸಂಖ್ಯೆಯೊಳಗೆ ಎಷ್ಟು ಸಂಕಟವಿದೆ ಎಂಬುದನ್ನು ನಿಮಗೆ ಹೇಳಲೇಬೇಕು.

[ದೃಶ್ಯ: ಒಂದೇ ಬಗೆಯ 30 ಕಾರುಗಳ ಸಾಲು]

ಫಾರ್ಮುಲಾ 3ರಲ್ಲಿ ಹತ್ತು ತಂಡ, ತಂಡಕ್ಕೆ ಮೂರು ಕಾರು. ಚಕ್ರಗಳು ಮೈಯಿಂದ ಹೊರಗೆ ತೆರೆದುಕೊಂಡಿರುವ ಕಾರುಗಳಿವು. ಎಲ್ಲರಿಗೂ ದಲ್ಲಾರಾ ಕಂಪನಿಯದೇ ಚಾಸಿ (ಕಾರಿನ ಮೂಲ ಚೌಕಟ್ಟು), ಮೆಕಾಕ್ರೋಮ್‌ನ 3.4 ಲೀಟರ್ ವಿ6 ಎಂಜಿನ್, ಪಿರೆಲ್ಲಿ ಟೈರ್. ಕಾರು ಒಂದೇ ಆದಾಗ ವ್ಯತ್ಯಾಸ ಹುಟ್ಟುವುದು ಚಾಲಕರ ಕೈಯಲ್ಲಿ ಮತ್ತು ತಂಡದವರು ಕಾರನ್ನು ಹದಗೊಳಿಸುವ ಬಗೆಯಲ್ಲಿ. ಅಭ್ಯಾಸಕ್ಕೆ ಸಿಗುವುದು 45 ನಿಮಿಷ, ಹೊರಡುವ ಜಾಗ ನಿರ್ಧರಿಸುವ ಅರ್ಹತಾ ಸುತ್ತಿಗೆ 30 ನಿಮಿಷ. ಅಷ್ಟರಲ್ಲೇ ಟೈರ್ ಬಿಸಿಯಾಗಬೇಕು, ಮುಂದೆ ಅಡ್ಡಿಯಿಲ್ಲದ ಜಾಗ ಸಿಗಬೇಕು, ತಪ್ಪಿಲ್ಲದ ಒಂದು ಲ್ಯಾಪ್ ಆಗಬೇಕು.

ಇನ್ನು ಅಂಕಗಳ ಲೆಕ್ಕ. ಆ ವರ್ಷ ಪ್ರತಿ ವಾರಾಂತ್ಯಕ್ಕೆ ಎರಡು ರೇಸ್. ಮೊದಲನೆಯದನ್ನು ಗೆದ್ದವರಿಗೆ 25 ಅಂಕ, ಎರಡನೆಯದಕ್ಕೆ 15. ಎರಡನೆಯ ರೇಸ್‌ನ ಗ್ರಿಡ್‌ನಲ್ಲಿ ಹಿಂದಿನ ರೇಸ್‌ನ ಮೊದಲ ಹತ್ತು ಮಂದಿಯನ್ನು ತಿರುವುಮುರುವು ಮಾಡಿ ನಿಲ್ಲಿಸುತ್ತಿದ್ದರು. ಹತ್ತನೆಯವರಾಗಿ ಬಂದರೆ ಒಂದು ಅಂಕವೂ ಇತ್ತು, ಮರುದಿನ ಎಲ್ಲರಿಗಿಂತ ಮುಂದಿನ ಜಾಗವೂ ಇತ್ತು. ಹನ್ನೊಂದನೆಯವರಾದರೆ ಅಂಕವಿರಲಿಲ್ಲ, ಮುಂದಿನ ಜಾಗವೂ ಇರಲಿಲ್ಲ. ಮುಜೆಲ್ಲೊದ ಮೊದಲ ರೇಸ್‌ನಲ್ಲಿ ಪಿಯಾಸ್ಟ್ರಿ ಬಂದದ್ದು ಹನ್ನೊಂದನೆಯವರಾಗಿ! ಸಾರ್ಜೆಂಟ್ ಎದುರು ಇದ್ದ ಎಂಟು ಅಂಕಗಳ ಮುನ್ನಡೆ ಆ ಒಂದೇ ದಿನ ಕರಗಿಹೋಗಿತ್ತು.

ಜುಲೈ ಆರಂಭದಲ್ಲಿ ಆಸ್ಟ್ರಿಯಾದ ರೆಡ್ ಬುಲ್ ರಿಂಗ್‌ನಲ್ಲಿ ಋತುವಿನ ಮೊದಲ ರೇಸನ್ನೇ ಗೆದ್ದಿದ್ದವರು ಅವರು. ಕೋವಿಡ್ ಕಾರಣದಿಂದ ತಡವಾಗಿ ತೊಡಗಿದ ಋತು ಹತ್ತು ವಾರಗಳಷ್ಟರಲ್ಲಿ ಒಂಬತ್ತು ರೇಸ್ ವಾರಾಂತ್ಯಗಳನ್ನು ಓಡಿ ಮುಗಿಸಿತು. ಅಷ್ಟೂ ವಾರಾಂತ್ಯಗಳಲ್ಲಿ ಪಿಯಾಸ್ಟ್ರಿಗೆ ಒಂದು ಪೋಲ್ ಪೊಸಿಷನ್, ಅಂದರೆ ಅರ್ಹತಾ ಸುತ್ತಿನ ಮೊದಲ ಸ್ಥಾನ, ಕೂಡ ಸಿಗಲಿಲ್ಲ. ಗೆಲುವು ಎರಡೇ. ಉಳಿದದ್ದೆಲ್ಲ ಹಿಂದಿನಿಂದ ಹೊರಟು ಒಬ್ಬೊಬ್ಬರನ್ನೇ ದಾಟಿ, ಕಾರನ್ನು ಮುರಿದುಕೊಳ್ಳದೆ ಕೂಡಿಟ್ಟ ಅಂಕಗಳು. ಇಪ್ಪತ್ತು ದಾಟದ ಹುಡುಗನಿಗೆ ಇಂಥ ತಾಳ್ಮೆ ಎಲ್ಲಿಂದ ಬಂತು ಎಂದು ನಾನು ಇಂದಿಗೂ ಬೆರಗಾಗುತ್ತೇನೆ. ಎಲ್ಲರಿಗಿಂತ ವೇಗವಾದ ಒಂದು ಲ್ಯಾಪ್ ಕಣ್ಣು ಕುಕ್ಕುತ್ತದೆ, ನಿಜ. ಆದರೆ ಕಿರಿಯರ ರೇಸಿಂಗ್ ನೋಡುವಾಗ ನಾನು ಮೊದಲು ಗಮನಿಸುವುದು, ಕೆಟ್ಟ ದಿನದಲ್ಲಿ ಒಬ್ಬ ಚಾಲಕ ಎಷ್ಟು ಅಂಕ ಉಳಿಸಿಕೊಂಡ ಎಂಬುದನ್ನು.

[ದೃಶ್ಯ: ಕೊನೆಯ ರೇಸ್‌ನ ಆರಂಭ, ನಿಧಾನಗತಿಯಲ್ಲಿ]

ದೀಪಗಳು ಆರಿದವು. ಮೊದಲ ಲ್ಯಾಪ್‌ನಲ್ಲೇ ಸಾರ್ಜೆಂಟ್ ಕಾರಿಗೆ ಲಿರಿಮ್ ಜೆಂಡೆಲಿ ಕಾರು ತಗುಲಿತು. ಸಾರ್ಜೆಂಟ್ ರೇಸ್ ಅಲ್ಲಿಗೇ ಮುಗಿಯಿತು. ಚಕ್ರಕ್ಕೆ ಚಕ್ರ ತಾಗಿದರೆ ಇಂಥ ಕಾರುಗಳಲ್ಲಿ ಎರಡನೆಯ ಅವಕಾಶ ಸಿಗುವುದು ಅಪರೂಪ. ನನಗೆ ಆ ಕ್ಷಣವನ್ನು ನೋಡುವುದು ಈಗಲೂ ಕಷ್ಟ.

ಪಿಯಾಸ್ಟ್ರಿ ಒಂದೊಂದೇ ಸ್ಥಾನ ಮೇಲೇರಿ ಏಳನೆಯವರಾಗಿ ಗುರಿ ತಲುಪಿದರು: ನಾಲ್ಕು ಅಂಕ. ಪೂರ್ಶೇರ್ ಮೂರನೆಯವರು: ಹತ್ತು ಅಂಕ. ರೇಸ್ ಗೆದ್ದದ್ದು ಲಿಯಾಮ್ ಲಾಸನ್.

[ಪರದೆಯ ಮೇಲೆ: ಪಿಯಾಸ್ಟ್ರಿ 164, ಪೂರ್ಶೇರ್ 161, ಸಾರ್ಜೆಂಟ್ 160]

ಮೂರೇ ಅಂಕಗಳ ಅಂತರದಲ್ಲಿ ಪಿಯಾಸ್ಟ್ರಿ ಚಾಂಪಿಯನ್. ಫಾರ್ಮುಲಾ 1ರಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ವರ್ಷಗಳಲ್ಲಿ 40 ಅಂಕ ಸೇರಿಸಬೇಕು. ಫಾರ್ಮುಲಾ 3 ಚಾಂಪಿಯನ್ ಪಟ್ಟವೊಂದೇ 30 ಅಂಕ ತಂದುಕೊಡುತ್ತದೆ. ಪಿಯಾಸ್ಟ್ರಿ ಮರುವರ್ಷ ಫಾರ್ಮುಲಾ 2ಕ್ಕೆ ಏರಿ ಅಲ್ಲಿಯೂ ಚಾಂಪಿಯನ್ ಆದರು. ಆದರೂ 2022ರಲ್ಲಿ ಓಡಿಸಲು ಸೀಟ್ ಇಲ್ಲದೆ ಮೀಸಲು ಚಾಲಕರಾಗಿ ಕುಳಿತರು. ಸಾರ್ಜೆಂಟ್ 2021ರಲ್ಲಿ ಮತ್ತೆ ಫಾರ್ಮುಲಾ 3ರಲ್ಲೇ, ಚಿಕ್ಕದೊಂದು ತಂಡದಲ್ಲಿ ಓಡಿಸಬೇಕಾಯಿತು.

2023ರ ಮಾರ್ಚ್‌ನಲ್ಲಿ ಬಹರೇನ್‌ನಲ್ಲಿ ಇಬ್ಬರೂ ಒಂದೇ ದಿನ ಫಾರ್ಮುಲಾ 1ಕ್ಕೆ ಕಾಲಿಟ್ಟರು. ಪಿಯಾಸ್ಟ್ರಿ ಮೆಕ್‌ಲಾರೆನ್ ಕಾರಿನಲ್ಲಿ, ಸಾರ್ಜೆಂಟ್ ವಿಲಿಯಮ್ಸ್ ಕಾರಿನಲ್ಲಿ. ಅದೇ ವರ್ಷ ಪೂರ್ಶೇರ್ ಫಾರ್ಮುಲಾ 2 ಚಾಂಪಿಯನ್ ಆದರು. 2024ರ ಫಾರ್ಮುಲಾ 1 ಗ್ರಿಡ್‌ನಲ್ಲಿ ಅವರಿಗೆ ಜಾಗ ಸಿಗಲಿಲ್ಲ.