ಟಂಗ್‌ಸ್ಟನ್: ಕಲ್ಲಿನ ಹೆಸರು, ಲೋಹದ್ದಲ್ಲ

ಕೇಳುಗರಿಗೆ ನಮಸ್ಕಾರ. ಹಳೇ ಬಲ್ಬಿನೊಳಗೆ ಕೂದಲೆಳೆಯಷ್ಟು ಸಣ್ಣ ತಂತಿ ಸುರುಳಿ ಸುತ್ತಿಕೊಂಡು ಕೂತಿರುತ್ತಿತ್ತು, ನೆನಪಿದೆ ಅಲ್ವಾ? ಅದೇ ಟಂಗ್‌ಸ್ಟನ್. ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಕಾಯಿಸಿದರೇನೇ ಕರಗುವ ಲೋಹ. ಇವತ್ತು ಅದರ ಹೆಸರಿನ ವಿಷಯ ಮಾತಾಡೋಣ. ಈ ಟಂಗ್ ಇಂಗ್ಲಿಷಿನ ನಾಲಿಗೆ ಅಲ್ಲ, ದಯವಿಟ್ಟು ಅದನ್ನು ಬಿಟ್ಟುಬಿಡಿ. ನಮ್ಮ ತುಂಗೆಯೂ ಅಲ್ಲ! ಇದು ಸ್ವೀಡಿಷ್ ಜೋಡುಪದ. ತುಂಗ್ ಅಂದರೆ ಭಾರ, ಸ್ತೇನ್ ಅಂದರೆ ಕಲ್ಲು. ಭಾರದ ಕಲ್ಲು, ಅಷ್ಟೇ.

ಯಾವ ಕಲ್ಲು? ಎಲ್ಲರೂ ಎಡವೋದು ಇಲ್ಲೇ. 18ನೇ ಶತಮಾನದಲ್ಲಿ ಸ್ವೀಡನ್ನಿನ ಗಣಿಗಳಲ್ಲಿ ಬಿಳಿಚಿಕೊಂಡ ಒಂದು ಖನಿಜ ಸಿಗುತ್ತಿತ್ತು. ಕೈಗೆತ್ತಿಕೊಂಡರೆ ಮಾಮೂಲಿ ಕಲ್ಲಿನ ಎರಡರಷ್ಟು ತೂಕ. ಹೆಸರು ಇಟ್ಟದ್ದು ಅದಕ್ಕೆ. ಒಳಗೊಂದು ಹೊಸ ಲೋಹ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಹೆಸರು ಕಲ್ಲಿನದು, ಲೋಹದ್ದಲ್ಲ. 1781ರಲ್ಲಿ ಔಷಧ ತಯಾರಿಸುತ್ತಿದ್ದ ಷೀಲೆ ಎಂಬ ರಸಾಯನಶಾಸ್ತ್ರಜ್ಞ ಆ ಕಲ್ಲಿನಿಂದ ಹೊಸ ಆಮ್ಲವೊಂದನ್ನು ತೆಗೆದರು. ಲೋಹ ಮಾತ್ರ ಕೈಗೆ ಸಿಗಲಿಲ್ಲ.

ಈಗ ತೋಳದ ಕಥೆ ಕೇಳಿ, ಇದನ್ನು ಹೇಳದೆ ನಾನು ಏಳೋದಿಲ್ಲ. ಜರ್ಮನಿಯ ಸ್ಯಾಕ್ಸನಿ ಕಡೆ ತವರದ ಗಣಿಗಳಿದ್ದವು. ತವರದ ಅದಿರಿನ ಜೊತೆ ಕರ್ರಗಿನ ಇನ್ನೊಂದು ಅದಿರು ಬೆರೆತು ಬರುತ್ತಿತ್ತು. ಎರಡೂ ಸೇರಿ ಕುಲುಮೆಗೆ ಬಿದ್ದವೋ, ಕಿಟ್ಟ ಜಾಸ್ತಿ, ತವರ ಕಮ್ಮಿ. ಅಷ್ಟು ಕಷ್ಟಪಟ್ಟು ಅಗೆದು ತಂದ ತವರ ಕಿಟ್ಟದ ಪಾಲು! ಕುರಿ ನುಂಗುವ ತೋಳದ ಹಾಗೆ ಇದು ತವರ ನುಂಗುತ್ತೆ ಅಂತ ಗಣಿಯವರು ಬೈದುಕೊಂಡರು. ಆ ಬೈಗುಳವೇ ಹೆಸರಾಗಿ, ಕರಿ ಅದಿರು ವೋಲ್ಫ್ರಾಮ್ ಆಯಿತು. ವೋಲ್ಫ್ ಅಂದರೆ ತೋಳ. 1783ರಲ್ಲಿ ಸ್ಪೇನಿನ ಎಲುಯಾರ್ ಅಣ್ಣತಮ್ಮಂದಿರು ಈ ಕರಿ ಅದಿರಿನಿಂದಲೂ ಷೀಲೆಯ ಅದೇ ಆಮ್ಲ ಪಡೆದು, ಇದ್ದಿಲು ಬೆರೆಸಿ ಕಾಯಿಸಿ, ಕೊನೆಗೂ ಲೋಹ ತೆಗೆದರು.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡ್ತೀನಿ. ರಸಾಯನಶಾಸ್ತ್ರದಲ್ಲಿ ಈ ಲೋಹದ ಸಂಕೇತ ‘ಟಿ’ ಅಲ್ಲ, ‘ಡಬ್ಲ್ಯು’. ಅದು ಆ ತೋಳದ್ದು. ಇಂಗ್ಲಿಷಿನವರು ಕಲ್ಲಿನ ಹೆಸರನ್ನು ಎತ್ತಿ ಲೋಹಕ್ಕೆ ಅಂಟಿಸಿದರು, ನಮಗೂ ಅದೇ ಬಂತು. ಕಲ್ಲಿಗೆ ಆಮೇಲೆ ಷೀಲೆಯ ಹೆಸರು ಕೊಟ್ಟು ಷೀಲೈಟ್ ಅಂದರು. ಮತ್ತೆ ಸ್ವೀಡನ್ನಿನವರು? ಅವರು ಈ ಲೋಹವನ್ನು ಟಂಗ್‌ಸ್ಟನ್ ಅನ್ನೋದೇ ಇಲ್ಲ, ವೋಲ್ಫ್ರಾಮ್ ಅಂತಾರೆ. ನಮಸ್ಕಾರ.