ಬಿಪಿ ಸೊನ್ನೆ ಅಂದರೆ ಏನು?

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ.

ಮೊನ್ನೆ ನಮ್ಮ ಕಲಬುರಗಿಯಲ್ಲೇ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ವೈದ್ಯಕೀಯ ಸಂಶೋಧನೆಗೆ ಡೇಟಾ ಸೈನ್ಸ್, ಎರಡು ದಿನ. ಮೊದಲ ದಿನದ ಅರ್ಧ ಹೊತ್ತು ದೀಪ, ಶಾಲು, ಹಾರ, ಗ್ರೂಪ್ ಫೋಟೋದಲ್ಲೇ ಹೋಯಿತು. ಅದಕ್ಕೆ ನನ್ನ ತಕರಾರಿಲ್ಲ. ನಡುವೆ ಕೊಟ್ಟ ಸುಸಲಾ ಮಿರ್ಚಿ ಚೆನ್ನಾಗಿತ್ತು. ತಕರಾರು ಶುರುವಾಗಿದ್ದು ಲ್ಯಾಪ್‌ಟಾಪ್ ತೆರೆದ ಮೇಲೆ.

ಅಭ್ಯಾಸಕ್ಕೆ ಕೊಟ್ಟ ಡೇಟಾ ಯಾವುದು ಗೊತ್ತಾ? ಪಿಮಾ. ಈ ವಿದ್ಯೆ ಕಲಿತವರು ಈಗಾಗಲೇ ನಗುತ್ತಿರುತ್ತೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಪಿಮಾ ಅಂತ ಒಂದು ಮೂಲನಿವಾಸಿ ಸಮುದಾಯ ಇದೆ. ಅಲ್ಲಿನ 768 ಹೆಂಗಸರ ದಾಖಲೆ ಇದು. ವಯಸ್ಸು, ಬಿಪಿ, ಗ್ಲೂಕೋಸ್ ಇತ್ಯಾದಿ ಕೊಟ್ಟು, ಯಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ ಅಂತ ಊಹಿಸಲು ಕಂಪ್ಯೂಟರಿಗೆ ಕಲಿಸುತ್ತಾರೆ. ಜಗತ್ತಿನ ಎಲ್ಲ ಕಡೆ ಹೊಸಬರು ಇದರ ಮೇಲೇ ಕೈ ಪಳಗಿಸಿಕೊಳ್ಳುತ್ತಾರೆ.

ಈ 768 ಜನರಲ್ಲಿ 35 ಜನರ ಬಿಪಿ ಸೊನ್ನೆ. 374 ಜನರ ಇನ್ಸುಲಿನ್ ಸೊನ್ನೆ. ಬಿಪಿ ಸೊನ್ನೆ ಆದವರು ಕೂತು ರಕ್ತ ಕೊಡುವುದಿಲ್ಲ, ಅಲ್ವಾ? ಅಳತೆ ಸಿಗದ ಕಡೆ ಖಾಲಿ ಬಿಡುವ ಬದಲು ಯಾರೋ ಸೊನ್ನೆ ತುಂಬಿದ್ದಾರೆ, ಅಷ್ಟೇ. ನಮ್ಮ ಹಾಲ್‌ನಲ್ಲಿ ಸುಮಾರು ನಲವತ್ತು ಜನ ಇದ್ದೆವು, ಅದರಲ್ಲಿ ಡಾಕ್ಟರುಗಳೂ ಇದ್ದರು. ಆ ಸೊನ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ ಬಿದ್ದಿದ್ದು ಮನೆಗೆ ಬಂದ ಮೇಲೆ. ಅಲ್ಲಿ ಮಾಡೆಲ್ (ಊಹಿಸುವ ಪ್ರೋಗ್ರಾಮ್) ಓಡಿಸಿದೆವು, ನಿಮ್ಮ ಊಹೆ ಎಷ್ಟು ಪರ್ಸೆಂಟ್ ಸರಿ ಬಂತು ಅಂತ ಪಕ್ಕದವರನ್ನು ಕೇಳಿದೆವು, ಸರ್ಟಿಫಿಕೇಟ್ ತಗೊಂಡೆವು.

ಕಲಬುರಗಿಯಲ್ಲಿ ಸಕ್ಕರೆ ಕಾಯಿಲೆಗೆ ಬರವಿದೆಯಾ? ಇಲ್ಲೇ ಜಿಮ್ಸ್ ಆಸ್ಪತ್ರೆ ಇದೆ, ಇಎಸ್‌ಐಸಿ ಆಸ್ಪತ್ರೆ ಇದೆ, ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜಿದೆ. ಬೀದರ್‌ನಲ್ಲಿ, ಯಾದಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ದಿನಾ ಸಾವಿರಾರು ಜನ ಚೀಟಿ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಆದರೂ ಕಲಿಯುವುದಕ್ಕೆ ಅರಿಜೋನಾದ ಹೆಂಗಸರೇ ಬೇಕು.

ಯಾಕೆ ಅಂತ ನನಗೂ ಗೊತ್ತು. ನಮ್ಮ ಡೇಟಾ ರಿಜಿಸ್ಟರಿನಲ್ಲಿದೆ. ರಿಜಿಸ್ಟರು ಬೀರುವಿನಲ್ಲಿದೆ. ಬೀರುವಿನ ಕೀಲಿ ಯಾರ ಹತ್ತಿರ ಇದೆಯೋ ಅವರು ರಜೆಯಲ್ಲಿದ್ದಾರೆ.

ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನ ಪಿಜಿ ಥೀಸಿಸ್‌ಗೆ ಅಂತ ಇಂಥ ರಿಜಿಸ್ಟರುಗಳನ್ನು ಎಕ್ಸೆಲ್‌ಗೆ ಏರಿಸಿದ್ದೆ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಜಿಲ್ಲೆ ಅನ್ನುವ ಒಂದೇ ಕಾಲಂ ನೋಡಿ. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ, ಕೆಲವು ಕಡೆ ಬರೀ ಜಿಎಲ್‌ಬಿ. ಕಂಪ್ಯೂಟರ್ ಲೆಕ್ಕದಲ್ಲಿ ಐದು ಜಿಲ್ಲೆ! 2014ರ ರಾಜ್ಯೋತ್ಸವಕ್ಕೆ ಊರಿನ ಹೆಸರು ಬದಲಾಯಿತು, ಬರೆಯುವವರ ಕೈ ಬದಲಾಗಲಿಲ್ಲ. ಅದಕ್ಕೂ ಕೆಲವು ವರ್ಷ ಮುಂಚಿನವರೆಗೆ ಯಾದಗಿರಿ ನಮ್ಮ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಹಳೇ ಪುಟದಲ್ಲಿ ಗುಲ್ಬರ್ಗಾ ಅಂತಿದ್ದರೆ ಆ ಮನುಷ್ಯ ಶಹಾಪುರದವನೂ ಆಗಿರಬಹುದು. ಇದನ್ನು ಯಾವ ಸಾಫ್ಟ್‌ವೇರ್ ಹೇಳುತ್ತದೆ?

ಇನ್ನು ಬಿಪಿ ಕಾಲಂ. ಬೆಳಗಿನ ಪುಟಗಳಲ್ಲಿ 134/86, 148/92, ಹೀಗೆ. ಹನ್ನೆರಡು ಗಂಟೆ ದಾಟಿತೋ, ಸಾಲಾಗಿ 120/80, 120/80, 120/80. ಕೆಲವು ಕಡೆ ಸಣ್ಣ ಗೀಟು. ನಾನು ಗೀಟನ್ನೆಲ್ಲ ಸೊನ್ನೆ ಅಂತ ಹೊಡೆಯುತ್ತಾ ಹೋಗುತ್ತಿದ್ದೆ. ಅಲ್ಲಿನ ಸೀನಿಯರ್ ಸಿಸ್ಟರ್ ಹಿಂದೆ ನಿಂತು ನೋಡಿದರು. “ಸೊನ್ನಿ ಯಾಕ ಹಾಕ್ತೀರಿ ಸರ? ಗೀಟು ಅಂದ್ರ ಮಷಿನ್ ಕೆಟ್ಟಿತ್ತು ಅಂತ. ಗೀಟಿನ ಮ್ಯಾಲ ಚುಕ್ಕಿ ಇದ್ರ ಪೇಷಂಟ್ ನಿಲ್ಲದೇ ಹೋಗ್ಯಾರ ಅಂತ” ಅಂದರು. 120/80ರ ಬಗ್ಗೆ ಕೇಳಿದ್ದಕ್ಕೆ ನಕ್ಕರು. “ಒಬ್ಬಾಕಿ ಇರ್ತೀನ್ರಿ, ಮುಂದ ಇನ್ನೂರು ಮಂದಿ” ಅಂದರು. ಆ ಎರಡು ನಿಮಿಷದಲ್ಲಿ ನಾನು ಕಲಿತಷ್ಟು ಆಮೇಲೆ ಯಾವ ವರ್ಕ್‌ಶಾಪ್‌ನಲ್ಲೂ ಕಲಿಯಲಿಲ್ಲ.

ಡೇಟಾದಲ್ಲಿ ಇಂಥ ಗಲೀಜು ಇರುವುದು ಹಳ್ಳಿ ಆಸ್ಪತ್ರೆಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 2020ರಲ್ಲಿ ಹಳೇ ಮಾದರಿಯ ಎಕ್ಸೆಲ್ ಫೈಲಿನಲ್ಲಿ ಹಿಡಿಸುವಷ್ಟು ಸಾಲು ಮುಗಿದು ಸುಮಾರು 16 ಸಾವಿರ ಕೋವಿಡ್ ಕೇಸುಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಎಕ್ಸೆಲ್ ಜೀನ್‌ಗಳ ಹೆಸರನ್ನು ತಾರೀಖು ಮಾಡುತ್ತಿತ್ತು. ಸೆಪ್ಟ್2 ಅನ್ನುವ ಜೀನ್ ಹೆಸರು ಹೊಡೆದರೆ 2-ಸೆಪ್ಟೆಂಬರ್. ಕೊನೆಗೆ ವಿಜ್ಞಾನಿಗಳೇ ಸೋತು ಜೀನ್‌ಗಳ ಹೆಸರು ಬದಲಾಯಿಸಿದರು.

ಹಾಗಾದರೆ ಬೀರು ತೆಗೆದು ಎಲ್ಲವನ್ನೂ ಇಂಟರ್ನೆಟ್‌ಗೆ ಹಾಕಿಬಿಡೋಣವಾ? ಇಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನದು. 2020ರ ಮಾರ್ಚ್ 10. ಕೋವಿಡ್ ಅಂತ ಖಚಿತವಾಗಿದ್ದು ಮಾರ್ಚ್ 12ಕ್ಕೆ. ಎರಡು ತಿಂಗಳ ಹಿಂದೆ ಈ ವೈರಸ್ ಏನು ಅಂತಲೇ ಜಗತ್ತಿಗೆ ಗೊತ್ತಿರಲಿಲ್ಲ. ಜನವರಿ 11ರ ಹೊತ್ತಿಗೆ ಚೀನಾದ ವಿಜ್ಞಾನಿಗಳ ತಂಡವೊಂದು ಅದರ ಪೂರ್ತಿ ಜೀನೋಮನ್ನು, ಅಂದರೆ ವಂಶವಾಹಿಯ ಪೂರ್ತಿ ಬರಹವನ್ನು, ಎಲ್ಲರಿಗೂ ತೆರೆದಿಟ್ಟಿತು. ಕೆಲವೇ ದಿನದಲ್ಲಿ ಬರ್ಲಿನ್‌ನವರು ಟೆಸ್ಟ್ ಮಾಡುವ ವಿಧಾನ ಬರೆದು ಹಂಚಿದರು. ಅವರು ಪೇಪರ್ ಅಚ್ಚಾಗಲಿ ಅಂತ ಕೂತಿದ್ದರೆ ನಮ್ಮೂರಿನ ಆ ಸಾವು ಬರೀ ಜ್ವರ, ಕೆಮ್ಮು ಅಂತ ಹೋಗುತ್ತಿತ್ತು.

ಇನ್ನೊಂದು ಕಡೆಯೂ ಅದೇ ಮಾರ್ಚ್ ತಿಂಗಳದು. ಸರ್ಕಾರದ ಪ್ರಕಟಣೆಯಲ್ಲಿ ತೀರಿಹೋದವರ ಹೆಸರು ಇರಲಿಲ್ಲ. ಆದರೂ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಮನೆ, ಓಣಿ ಎಲ್ಲ ಓಡಾಡಿತು. ಹೆಸರು ಅಳಿಸಿದರೆ ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಐದುನೂರು ಮನೆಯ ಹಳ್ಳಿಯಲ್ಲಿ ವಯಸ್ಸು, ಜಾತಿ, ಕಾಯಿಲೆ ಮೂರು ಬರೆದರೆ ಹೆಸರು ಬೇಕೇ ಇಲ್ಲ. ಅದೇ ಅರಿಜೋನಾದಲ್ಲಿ ಹವಾಸುಪಾಯಿ ಅನ್ನುವ ಇನ್ನೊಂದು ಸಮುದಾಯ ಇದೆ. ಸಕ್ಕರೆ ಕಾಯಿಲೆಗೆ ಅಂತ ರಕ್ತ ಕೊಟ್ಟರು. ಅದರಲ್ಲಿ ಅವರನ್ನು ಕೇಳದೇ ಬೇರೆ ಸಂಶೋಧನೆಗಳೂ ನಡೆದವು. ಅವರು ಕೋರ್ಟಿಗೆ ಹೋದರು. 2010ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ವಾಪಸ್ ಕೊಟ್ಟಿತು.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಜೀನೋಮ್ ಇಂಡಿಯಾ ಅನ್ನುವ ಸರ್ಕಾರಿ ಯೋಜನೆಯವರು 10,000 ಭಾರತೀಯರ ಜೀನೋಮ್ ಡೇಟಾವನ್ನು 2025ರ ಜನವರಿಯಲ್ಲಿ ಫರೀದಾಬಾದ್‌ನ ಡೇಟಾ ಕೇಂದ್ರದ ಮೂಲಕ ಕೊಡಲು ಶುರು ಮಾಡಿದರು. ಬಾಗಿಲು ಇದೆ, ಆದರೆ ತಟ್ಟಬೇಕು. ಯಾಕೆ ಬೇಕು ಅಂತ ಅರ್ಜಿ ಹಾಕಬೇಕು. ನಮ್ಮ ರಿಜಿಸ್ಟರಿಗೂ ಇಷ್ಟು ಸಾಕು. ಒಬ್ಬೊಬ್ಬರ ಸಾಲು ಬಾಗಿಲ ಒಳಗಿರಲಿ. ತಾಲೂಕಿನ ಒಟ್ಟು ಲೆಕ್ಕ, ಮತ್ತೆ ಗೀಟು ಅಂದರೆ ಏನು, ಚುಕ್ಕಿ ಅಂದರೆ ಏನು ಅನ್ನುವ ಒಂದು ಪುಟ, ಇವೆರಡು ಎಲ್ಲರಿಗೂ ಸಿಗಲಿ. ಎರಡು ದಿನದ ವರ್ಕ್‌ಶಾಪ್‌ನಲ್ಲಿ ಒಂದು ಪೂರ್ತಿ ದಿನ ಆ ಪುಟ ಬರೆಯುವುದಕ್ಕೇ ಇಡಿ. ಬೇಕಾದರೆ ಶಾಲಿನ ಟೈಮ್ ಸ್ವಲ್ಪ ಕಡಿಮೆ ಮಾಡಿ.

ಮುಂದಿನ ತಿಂಗಳು ಇನ್ನೊಂದು ವರ್ಕ್‌ಶಾಪ್ ಇದೆಯಂತೆ. ಮಾಡಿಸುವವರಿಗೆ ಫೋನ್ ಮಾಡಿ, ಆ ಸಿಸ್ಟರನ್ನು ಒಂದು ಗಂಟೆ ಮಾತಾಡಿಸಿ ಅಂದೆ. “ಡೇಟಾ ಸೈನ್ಸ್ ಬಗ್ಗೆ ಸಿಸ್ಟರ್ ಏನು ಮಾತಾಡ್ತಾರ್ರೀ?” ಅಂದರು. ಪಿಮಾ ಶೀಟಿನಲ್ಲಿ ಆ 35 ಸಾಲಿಗೆ ಬಣ್ಣ ಹಚ್ಚಿ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.