ಯಾವ ನೆಲಕ್ಕೆ ಕಟ್ಟಿದ ಸೈನ್ಯ?

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಇಟಲಿಯ ಟ್ಯಾಂಕಿಗೆ ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ನಾಲ್ಕು. ಈ ಜೋಕ್ ನೀವೂ ಕೇಳಿರುತ್ತೀರಿ, ಮೊಬೈಲಿಗೂ ಬಂದಿರುತ್ತದೆ. ಜೊತೆಗೆ ಇನ್ನೊಂದು ಮಾತೂ ಓಡಾಡುತ್ತದೆ: ಜಪಾನಿ ಸೈನಿಕ ಕಾಡಿನಲ್ಲೇ ಹುಟ್ಟಿದವನಂತೆ, ಒಂದು ಹಿಡಿ ಅನ್ನ ಕೊಟ್ಟರೆ ತಿಂಗಳುಗಟ್ಟಲೆ ಕಾದುತ್ತಾನಂತೆ. ಒಬ್ಬನನ್ನು ನೋಡಿ ನಗುತ್ತೇವೆ, ಇನ್ನೊಬ್ಬನನ್ನು ನೋಡಿ ಬೆರಗಾಗುತ್ತೇವೆ. ಎರಡೂ ಸುಳ್ಳು. ಇದನ್ನು ಹೇಳಲೇಬೇಕು ಅಂತಲೇ ಇವತ್ತು ಬಂದಿದ್ದೇನೆ. ಇಟಲಿಯವರ ಎದುರು ಹೋರಾಡಿ ಸತ್ತವರಲ್ಲಿ ನಮ್ಮ ದೇಶದ ಹುಡುಗರೂ ಇದ್ದಾರೆ. ಎದುರಾಳಿ ಹೇಡಿ ಅಂದುಬಿಟ್ಟರೆ ಅವರ ಸಾವನ್ನೂ ಹಗುರ ಮಾಡಿದ ಹಾಗೆ ಅಲ್ವಾ?

ಯಾವ ಸೈನ್ಯದ ಬಗ್ಗೆ ಮಾತಾಡುವುದಾದರೂ ಮೊದಲು ಒಂದು ಪ್ರಶ್ನೆ ಕೇಳಿ. ಇದನ್ನು ಯಾವ ನೆಲಕ್ಕೆ ಅಂತ ಕಟ್ಟಿದರು, ಕೊನೆಗೆ ಯಾವ ನೆಲಕ್ಕೆ ಕಳಿಸಿದರು?

ಇಟಲಿಯ ಉತ್ತರದ ಗಡಿ ಪೂರ್ತಿ ಆಲ್ಪ್ಸ್. ಮೊದಲ ಮಹಾಯುದ್ಧದಲ್ಲಿ ಅವರು ಆಸ್ಟ್ರಿಯಾದ ವಿರುದ್ಧ ಕಾದಿದ್ದು ಅಲ್ಲೇ. ಹಾಗಾಗಿ ಬಿಡಿಬಿಡಿ ಮಾಡಿ ಹೇಸರಗತ್ತೆಯ ಮೇಲೆ ಹೇರುವ ಫಿರಂಗಿ, ಗುಡ್ಡ ಹತ್ತುವುದರಲ್ಲಿ ಪಳಗಿದ ಆಲ್ಪಿನಿ ಪಡೆ, ಬೆಟ್ಟದ ಇಕ್ಕಟ್ಟು ದಾರಿಗೆ ಅಂತ ಪುಟ್ಟ ಟ್ಯಾಂಕ್. ಎಲ್3 ಅಂತ ಅದರ ಹೆಸರು. ತೂಕ ಸುಮಾರು 3 ಟನ್. ಒಳಗೆ ಇಬ್ಬರು, ಎರಡು ಮೆಷಿನ್ ಗನ್. ಮೇಲೆ ತಿರುಗುವ ಗೋಪುರವೇ ಇಲ್ಲ. ಪಕ್ಕಕ್ಕೆ ಗುಂಡು ಹೊಡೆಯಬೇಕು ಅಂದರೆ ಇಡೀ ಗಾಡಿಯನ್ನೇ ತಿರುಗಿಸಬೇಕು. ಅಂಥದ್ದನ್ನು ಮುಸೊಲಿನಿ ಲಿಬಿಯಾದ ಬಯಲಿಗೆ ಕಳಿಸಿದ. 1940ರ ಜೂನ್ 16ರಂದು ನೆಜುಯೆತ್ ಘಿರ್ಬಾ ಅನ್ನುವ ಕಡೆ ಲಾರಿಗಳೂ ಈ ಎಲ್3ಗಳೂ ಇದ್ದ ಒಂದು ತುಕಡಿ ಬಯಲಲ್ಲಿ ಚೌಕಾಕಾರವಾಗಿ ನಿಂತುಕೊಂಡಿತು. ಬ್ರಿಟಿಷರ ಟ್ಯಾಂಕುಗಳೂ ಕವಚದ ಕಾರುಗಳೂ ಅದರ ಸುತ್ತ ಓಡಾಡುತ್ತಾ ಪೂರ್ತಿ ನಾಶ ಮಾಡಿದವು.

ಬ್ರೆಡಾ 30 ಅಂತ ಅವರದೊಂದು ಹಗುರ ಮೆಷಿನ್ ಗನ್. ಅದರ ಒಳಗೆ ಒಂದು ಪುಟ್ಟ ಎಣ್ಣೆ ಪಂಪ್. ಪ್ರತಿ ತೋಟಾಕ್ಕೂ ಎಣ್ಣೆ ಸವರಿದರೇ ಅದು ಕೆಲಸ ಮಾಡುವುದು. ಈಗ ಅದನ್ನು ಮರುಭೂಮಿಯಲ್ಲಿ ಇಡಿ. ಎಣ್ಣೆಗೆ ಮರಳು ಅಂಟುತ್ತದೆ, ಗನ್ ಸಿಕ್ಕಿಹಾಕಿಕೊಳ್ಳುತ್ತದೆ. ಇಪ್ಪತ್ತು ಗುಂಡಿನ ಮ್ಯಾಗಜಿನ್ ಗನ್ನಿಗೇ ಅಂಟಿಕೊಂಡಿರುವಂಥದ್ದು, ಅದರ ಕೀಲು ಬಗ್ಗಿದರೆ ಗನ್ನೇ ಕೆಲಸಕ್ಕೆ ಬರುವುದಿಲ್ಲ. ಸೈನಿಕನಿಗೆ ಧೈರ್ಯ ಇದ್ದರೆ ಇದು ಸರಿಹೋಗುತ್ತಾ?

1940ರ ಡಿಸೆಂಬರ್ 9. ಈಜಿಪ್ಟಿನ ನಿಬೈವಾ ಶಿಬಿರ. ದಾಳಿ ಮಾಡಿದ್ದು ಬ್ರಿಟಿಷರ ಮಟಿಲ್ಡಾ ಟ್ಯಾಂಕುಗಳು, ಜೊತೆಗೆ ನಮ್ಮ 4ನೇ ಭಾರತೀಯ ಡಿವಿಷನ್. ಮಟಿಲ್ಡಾದ ಮುಂದಿನ ಕವಚ 78 ಮಿಲಿಮೀಟರ್ ದಪ್ಪ. ಇಟಲಿಯವರ 47 ಮಿಲಿಮೀಟರ್ ಫಿರಂಗಿ ಅದಕ್ಕೆ ಏನೂ ಮಾಡುವ ಹಾಗಿರಲಿಲ್ಲ. ಆದರೂ ಇಟಲಿಯ ಫಿರಂಗಿ ಸಿಬ್ಬಂದಿ ಜಾಗ ಬಿಟ್ಟು ಕದಲಲಿಲ್ಲ. ಟ್ಯಾಂಕ್ ಮೈಮೇಲೆ ಬರುವವರೆಗೂ ಹೊಡೆಯುತ್ತಲೇ ಇದ್ದರು. ಅವರ ಜನರಲ್ ಮಲೆಟ್ಟಿ ಅಲ್ಲೇ ಸತ್ತ. ಶಿಬಿರ ಬಿದ್ದದ್ದು ಕೆಲವೇ ಗಂಟೆಗಳಲ್ಲಿ. ಆಗ ಸೆರೆ ಸಿಕ್ಕವರಲ್ಲಿ ಸಾವಿರಾರು ಜನರನ್ನು ಭಾರತಕ್ಕೆ ತಂದರು. ನಮ್ಮ ಬೆಂಗಳೂರಿನಲ್ಲೂ ಇಟಾಲಿಯನ್ ಯುದ್ಧಕೈದಿಗಳ ಶಿಬಿರಗಳು ಇದ್ದವು.

ಈಗ ಮುಖ್ಯ ಮಾತು. ಇದೇ 4ನೇ ಭಾರತೀಯ ಡಿವಿಷನ್ ಎರಡು ತಿಂಗಳು ಕಳೆಯುವ ಮೊದಲೇ ಪೂರ್ವ ಆಫ್ರಿಕಾದ ಎರಿಟ್ರಿಯಾದ ಕೆರೆನ್ ಊರಿನ ಮುಂದೆ ನಿಂತಿತು. ಎದುರಿಗೆ ಮತ್ತೆ ಇಟಲಿಯ ಸೈನ್ಯ, ಅದೇ ಬಂದೂಕು, ಅದೇ ಬ್ರೆಡಾ. ಬದಲಾಗಿದ್ದು ನೆಲ. ಊರಿಗೆ ಹೋಗಲು ಡೊಂಗೊಲಾಸ್ ಕಮರಿಯ ಮೂಲಕ ಒಂದೇ ರಸ್ತೆ, ಅದನ್ನೂ ಸಿಡಿಮದ್ದು ಇಟ್ಟು ಬಂಡೆ ಉರುಳಿಸಿ ಮುಚ್ಚಿದ್ದರು. ಎರಡೂ ಕಡೆ ಕಡಿದಾದ ಬೆಟ್ಟ. ಮಟಿಲ್ಡಾ ಅಲ್ಲಿ ಹತ್ತುವುದಿಲ್ಲ. ನೀರು, ಗುಂಡು, ಗಾಯಾಳು ಎಲ್ಲವನ್ನೂ ಹೆಗಲ ಮೇಲೇ ಹೊರಬೇಕು. ಮೇಲೆ ಕೂತವರ ಕೈಯಲ್ಲಿ ಪುಟ್ಟ ಕೆಂಪು ಕೈಬಾಂಬು. ಬಯಲಿನಲ್ಲಿ ಅದರಿಂದ ಅಂಥ ಪ್ರಯೋಜನ ಇಲ್ಲ. ಇಳಿಜಾರಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿರುವವನ ಮೇಲೆ ಸುಮ್ನೆ ಉರುಳಿಸಿದರೂ ಸಾಕು. ಇಟಲಿಯ ಜೊತೆಗೆ ಅಸ್ಕಾರಿಗಳು, ಅಂದರೆ ಅವರ ಸೈನ್ಯಕ್ಕೆ ಸೇರಿದ್ದ ಎರಿಟ್ರಿಯಾದ ಸೈನಿಕರಿದ್ದರು. ಅಲ್ಲಿ ಒಂದು ಆಲ್ಪಿನಿ ಬಟಾಲಿಯನ್ನೂ ಇತ್ತು. ನಿಬೈವಾದಲ್ಲಿ ಒಂದು ಬೆಳಿಗ್ಗೆ ಸಾಕಾಗಿತ್ತು. ಕೆರೆನ್‌ಗೆ ಫೆಬ್ರವರಿ ಮೊದಲ ವಾರದಿಂದ ಮಾರ್ಚ್ 27ರವರೆಗೆ ಬೇಕಾಯಿತು. ನಮ್ಮ ಕಡೆ 500ಕ್ಕೂ ಹೆಚ್ಚು ಜನ ಸತ್ತರು, 3,000ಕ್ಕೂ ಹೆಚ್ಚು ಜನರಿಗೆ ಗಾಯ. ಸುಬೇದಾರ್ ರಿಛ್ಪಾಲ್ ರಾಮ್ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಇಲ್ಲಿಯೇ, ಮರಣೋತ್ತರವಾಗಿ. ಕೊನೆಗೆ ದಾರಿ ಬಿಡಿಸಿದ್ದು ಸೈನ್ಯದ ಇಂಜಿನಿಯರುಗಳಾದ ಭಾರತೀಯ ಸ್ಯಾಪರ್‌ಗಳು. ಗುಂಡಿನ ಮಳೆಯ ಕೆಳಗೇ ಆ ಬಂಡೆ ರಾಶಿ ತೆಗೆದು ರಸ್ತೆ ಮಾಡಿದರು. ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನ ಒಂದು ಕಂಪನಿಯೂ ಆ ಡಿವಿಷನ್‌ನಲ್ಲಿತ್ತು. ಹಲಸೂರು ಕೆರೆ ದಾಟಿ ಹೋಗುವಾಗ ಕೆರೆನ್ ನೆನಪು ಮಾಡಿಕೊಳ್ಳಿ.

ಇನ್ನು ಜಪಾನ್. ಜಪಾನಿ ಸೈನ್ಯವನ್ನು ಕಾಡಿಗೆ ಅಂತ ಕಟ್ಟಿರಲಿಲ್ಲ. ಅವರ ಕಣ್ಣು ಇದ್ದದ್ದು ಮಂಚೂರಿಯಾದ ಬಯಲಿನ ಮೇಲೆ, ರಷ್ಯಾದ ಮೇಲೆ. ಅವರ ಹಾ-ಗೋ ಟ್ಯಾಂಕ್ ಮಂಚೂರಿಯಾದ ಜೋಳದ ಹೊಲದಲ್ಲಿ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು. ಜೋಳದ ಸಾಲುಗಳ ನಡುವಿನ ಅಂತರವೂ ಅದರ ಚಕ್ರಗಳ ಅಂತರವೂ ಸರಿಯಾಗಿ ಒಂದಕ್ಕೊಂದು ಕೂಡಿಬಿಟ್ಟಿದ್ದವು. ಅದಕ್ಕಾಗಿ ಚಕ್ರಗಳ ನಡುವೆ ಇನ್ನೊಂದು ಪುಟ್ಟ ಚಕ್ರ ಸೇರಿಸಿ ಬೇರೆ ಮಾದರಿಯನ್ನೇ ಮಾಡಿದರು. ಉತ್ತರ ಕರ್ನಾಟಕದವರು ಇಲ್ಲಿದ್ದರೆ ಜೋಳದ ಸಾಲಿನ ಮೇಲೆ ಗಾಡಿ ಓಡಿಸಿದರೆ ಹೇಗಿರುತ್ತದೆ ಅಂತ ಹೇಳುತ್ತೀರಿ! 1939ರಲ್ಲಿ ಖಾಲ್ಖಿನ್ ಗೋಲ್‌ನ ಹುಲ್ಲುಗಾವಲಿನಲ್ಲಿ ರಷ್ಯಾದ ಸೇನಾಪತಿ ಜುಕೋವ್ ಇವರನ್ನು ಹೊಡೆದು ಹಾಕಿದ. ಈ ಟ್ಯಾಂಕಿನ ಕವಚ ಹೆಚ್ಚೆಂದರೆ 12 ಮಿಲಿಮೀಟರ್, ರಷ್ಯನ್ನರ 45 ಮಿಲಿಮೀಟರ್ ಫಿರಂಗಿಗೆ ಅದು ಲೆಕ್ಕಕ್ಕೇ ಇಲ್ಲ.

ಅದೇ ಟ್ಯಾಂಕ್ 1941ರ ಡಿಸೆಂಬರಿನಲ್ಲಿ ಬ್ರಿಟಿಷರ ಕೈಯಲ್ಲಿದ್ದ ಮಲಯಾಕ್ಕೆ, ಅಂದರೆ ಈಗಿನ ಮಲೇಷ್ಯಾಕ್ಕೆ, ಬಂತು. ತೂಕ 7.4 ಟನ್ ಮಾತ್ರ, ಮರದ ಸೇತುವೆ ಮೇಲೂ ದಾಟುತ್ತದೆ. ಈ ನೆಲದಲ್ಲಿ ಟ್ಯಾಂಕ್ ನಡೆಯುವುದಿಲ್ಲ ಅಂತ ನಂಬಿದ್ದ ಬ್ರಿಟಿಷರು ಅಲ್ಲಿ ಒಂದು ಟ್ಯಾಂಕನ್ನೂ ಇಟ್ಟಿರಲಿಲ್ಲ.

ಸೈಕಲ್ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಲಯಾದ ಯುದ್ಧವನ್ನು ಕಾಡಿನ ಯುದ್ಧ ಅನ್ನುತ್ತಾರೆ. ಜಾಸ್ತಿ ನಡೆದದ್ದು ರಸ್ತೆಯ ಮೇಲೆ. ರಬ್ಬರ್, ತವರ ಸಾಗಿಸಲು ಬ್ರಿಟಿಷರೇ ಹಾಕಿದ್ದ ಒಳ್ಳೆಯ ಡಾಂಬರು ರಸ್ತೆ ಅದು. ಅಲ್ಲಿ ದಾಳಿ ಮಾಡಿದ ಜಪಾನಿ ಜನರಲ್ ಯಮಾಶಿತನ ಸೈನ್ಯದಲ್ಲಿ ಒಂದೊಂದು ಡಿವಿಷನ್‌ಗೆ ಸುಮಾರು 6,000 ಸೈಕಲ್ ಇದ್ದವು ಅಂತ ಆ ಸೈನ್ಯದ ಅಧಿಕಾರಿ ತ್ಸುಜಿ ಬರೆದಿದ್ದಾರೆ. ಬ್ರಿಟಿಷರು ಸೇತುವೆ ಉಡಾಯಿಸಿದರೆ ಲಾರಿ ನಿಲ್ಲುತ್ತದೆ. ಸೈಕಲ್ಲಿನವನು ನಿಲ್ಲುವುದಿಲ್ಲ. ಹೆಗಲಿಗೆ ಏರಿಸಿಕೊಂಡು ಹೊಳೆ ದಾಟುತ್ತಾನೆ, ಆ ಕಡೆ ಇಳಿಸಿ ಮತ್ತೆ ತುಳಿಯುತ್ತಾನೆ. ಪಂಕ್ಚರ್ ಆಗಲ್ವಾ? ಆಗುತ್ತಿತ್ತು, ಬಿಸಿಲಿಗೆ ಟಯರ್ ಒಡೆಯುತ್ತಿತ್ತು. ಪ್ರತಿ ಕಂಪನಿಯಲ್ಲೂ ರಿಪೇರಿಯವರು ಇದ್ದರು. ಯುದ್ಧಕ್ಕೆ ಮೊದಲು ಜಪಾನೇ ಅಲ್ಲಿಗೆ ಅಗ್ಗದ ಸೈಕಲ್ ಮಾರುತ್ತಿತ್ತು, ಹಾಗಾಗಿ ಊರೂರಲ್ಲೂ ಬಿಡಿಭಾಗ ಸಿಗುತ್ತಿದ್ದವು. ಟಯರ್ ಪೂರ್ತಿ ಹೋದರೆ ಕಿತ್ತುಹಾಕಿ ಬರೀ ರಿಮ್ಮಿನ ಮೇಲೆ ಓಡಿಸಿದರು. ಡಾಂಬರಿನ ಮೇಲೆ ನೂರಾರು ರಿಮ್ಮುಗಳ ಗಡಗಡ ಸದ್ದು. ರಾತ್ರಿ ಹೊತ್ತು ಅದು ಟ್ಯಾಂಕ್ ಬಂದ ಹಾಗೆ ಕೇಳಿ ಎದುರಾಳಿಗಳು ಹೆದರಿದ್ದರು ಅಂತಲೂ ತ್ಸುಜಿ ಬರೆಯುತ್ತಾರೆ.

ನಿಜವಾದ ಟ್ಯಾಂಕ್ ಬಂದದ್ದು ಸ್ಲಿಮ್ ನದಿಯಲ್ಲಿ, 1942ರ ಜನವರಿ 7ರ ನಸುಕಿನಲ್ಲಿ. ಸುಮಾರು 30 ಟ್ಯಾಂಕುಗಳು ರಸ್ತೆಯ ಉದ್ದಕ್ಕೂ ನುಗ್ಗಿದವು. ಅಡ್ಡ ಇದ್ದ ನಮ್ಮ ಭಾರತೀಯ ಬಟಾಲಿಯನ್‌ಗಳಲ್ಲಿ ಅನೇಕರು ಟ್ಯಾಂಕನ್ನು ಕಣ್ಣಾರೆ ನೋಡಿದ್ದೇ ಆಗ. ಬೆಳಿಗ್ಗೆ ಮುಗಿಯುವಷ್ಟರಲ್ಲಿ ಎರಡು ಬ್ರಿಗೇಡ್ ಚದುರಿಹೋಗಿದ್ದವು. ಖಾಲ್ಖಿನ್ ಗೋಲ್‌ನಲ್ಲಿ ಕೆಲಸಕ್ಕೆ ಬಾರದ ಅದೇ ಹಾ-ಗೋ ಇಲ್ಲಿ ಗೆದ್ದವುಗಳಲ್ಲಿತ್ತು. ಯಾವ ನೆಲಕ್ಕೆ ಕಟ್ಟಿದರು, ಯಾವ ನೆಲಕ್ಕೆ ಕಳಿಸಿದರು, ಎದುರಿಗೆ ಏನಿತ್ತು. ಇದನ್ನು ಬಿಟ್ಟು ರಕ್ತ, ಜನಾಂಗ ಅಂತ ಮಾತಾಡಬೇಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಗ್ರೀಸ್, ಗ್ವಾಡಲ್ ಕೆನಾಲ್, ಕೊಕೊಡಾ ಎಲ್ಲ ಬಿಡುತ್ತೇನೆ. ಎರಡೇ ಮಾತು.

1942ರಲ್ಲಿ ಆಲ್ಪಿನಿಗಳ ಮೂರು ಡಿವಿಷನ್‌ಗಳನ್ನು ಕಾಕಸಸ್ ಬೆಟ್ಟಕ್ಕೆ ಅಂತ ರಷ್ಯಾಕ್ಕೆ ಕಳಿಸಿದರು. ಹಗ್ಗ, ಹಿಮಕೊಡಲಿ, ಹೇಸರಗತ್ತೆ ಎಲ್ಲ ಜೊತೆಗಿತ್ತು. ಕೊನೆಗೆ ನಿಲ್ಲಿಸಿದ್ದು ಡಾನ್ ನದಿಯ ಬಯಲಲ್ಲಿ, ರಷ್ಯನ್ ಟ್ಯಾಂಕುಗಳ ಮುಂದೆ. ಬೂಟಿನ ಅಡಿಯ ಕಬ್ಬಿಣದ ಮೊಳೆ ಬಂಡೆಯ ಮೇಲೆ ಹಿಡಿತ ಕೊಡುತ್ತದೆ, ಹಿಮದಲ್ಲಿ ಚಳಿಯನ್ನು ನೇರ ಪಾದಕ್ಕೆ ದಾಟಿಸುತ್ತದೆ. ಸುತ್ತುವರಿದ ಮೇಲೂ ನಡೆದು ನಡೆದು 1943ರ ಜನವರಿ 26ರಂದು ನಿಕೊಲಾಯೆವ್ಕಾದಲ್ಲಿ ರೈಲು ಹಳಿಯ ದಿಬ್ಬ ದಾಟಿ ದಾರಿ ಮಾಡಿಕೊಂಡವರು ಇವರೇ. ಆ ಗೇರಿನ ಜೋಕನ್ನು ಇವರ ಮುಂದೆ ಹೇಳಿ ನೋಡೋಣ.

ಇನ್ನೊಂದು ಇಂಫಾಲ್, 1944. ಜಪಾನಿ ಜನರಲ್ ಮುತಾಗುಚಿ ಮೂರು ವಾರದ ಆಹಾರ ಕೊಟ್ಟು ಬರ್ಮಾದಿಂದ ಮೂರು ಡಿವಿಷನ್‌ಗಳನ್ನು ಬೆಟ್ಟ ಹತ್ತಿಸಿದ. ಸಾಮಾನು ಹೊರಲೂ ಆಮೇಲೆ ತಿನ್ನಲೂ ಆಗಲಿ ಅಂತ ದನಗಳನ್ನು ಹೊಡೆದುಕೊಂಡು ಹೊರಟರು. ಚಿಂದ್ವಿನ್ ನದಿಯಲ್ಲಿ ಎಷ್ಟೋ ದನ ಮುಳುಗಿದವು, ಮಿಕ್ಕವು ಬೆಟ್ಟದಲ್ಲಿ ಬಿದ್ದವು. ಏಪ್ರಿಲ್ 13ರಂದು ಬ್ರಿಟಿಷರ ಟ್ಯಾಂಕುಗಳು ನುಂಗ್‌ಶಿಗುಂ ಗುಡ್ಡವನ್ನೇ ಹತ್ತಿಬಿಟ್ಟವು. ತುದಿಯಲ್ಲಿದ್ದ ಜಪಾನಿಗಳಿಗೆ ಅವನ್ನು ತಡೆಯುವ ಫಿರಂಗಿ ಇರಲಿಲ್ಲ. ಕೊಹಿಮಾದಿಂದ ಜನರಲ್ ಸಾತೋ ಮೇಲಿನವರ ಆಜ್ಞೆ ಮೀರಿ ಸೈನ್ಯ ಹಿಂದಕ್ಕೆ ತಂದ, ಅನ್ನವೂ ಇಲ್ಲ, ಗುಂಡೂ ಇಲ್ಲ ಅಂತ. ಹಿಂದಿರುಗುವ ದಾರಿಯಲ್ಲಿ ಸಾವಿರಾರು ಜನ ಹಸಿವು, ರೋಗದಿಂದಲೇ ಸತ್ತರು.

ಪ್ರಶ್ನೆಗಳಿದ್ದರೆ ಕೇಳಿ. ಕೆರೆನ್ ಬಗ್ಗೆ ಕೇಳಿದರೆ ಇನ್ನೂ ಸಂತೋಷ.